ಅಡಿಕೆ ತೋಟದ ಹಳೆ ಮನೆ: ಕಂಬ ನೋಡಿದ್ದಾಯ್ತು, ಪತ್ತಾಯವನ್ನೂ ನೋಡಿ

(ದೃಶ್ಯ: ಚಾವಡಿಯ ಕೆತ್ತನೆಯ ಕಂಬಗಳು)

ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಹಳೆ ಅಡಿಕೆ ತೋಟದ ಮನೆಗೆ ಬಂದಿದ್ದೇವೆ. ಇಲ್ಲಿಗೆ ಬಂದವರೆಲ್ಲ ಮೊದಲು ಈ ಕಂಬಗಳ ಫೋಟೋ ತೆಗೆಯುತ್ತಾರೆ. ತೆಗೆಯಿರಿ, ಚೆಂದವೇ ಇವೆ. ಆದರೆ ನನಗೆ ಜಾಸ್ತಿ ಕುತೂಹಲ ಒಳಗಿರುವ ಪತ್ತಾಯದ ಮೇಲೆ.

(ದೃಶ್ಯ: ಆಳೆತ್ತರದ ಮರದ ಪತ್ತಾಯ)

ಅಡಿಕೆ ಬೆಳೆಯುವವರಿಗೆ ಇಷ್ಟು ದೊಡ್ಡ ಭತ್ತದ ಪೆಟ್ಟಿಗೆ ಯಾಕೆ? ಗೇಣಿಯಾಗಿ ಬಂದ ಭತ್ತ ತುಂಬಿಡಲಿಕ್ಕೆ. ಇಂಥ ಮನೆಗಳ ಗದ್ದೆಗಳು ಒಕ್ಕಲುಗಳ, ಅಂದರೆ ಗೇಣಿಗೆ ಉಳುವವರ ಕೈಯಲ್ಲಿರುತ್ತಿದ್ದವು. ಮೂಲಗೇಣಿ, ಅಂದರೆ ಕಾಯಂ ಗೇಣಿಯವರನ್ನು ಸುಮ್ನೆ ಎಬ್ಬಿಸುವ ಹಾಗಿರಲಿಲ್ಲ. ಚಾಲಗೇಣಿ, ಅಂದರೆ ಧಣಿ ಬಿಡಿಸಬಹುದಾದ ಗೇಣಿಯವರಿಗೆ ಆ ಧೈರ್ಯ ಇರಲಿಲ್ಲ.

ಅವರಿಗಿಂತ ಕೆಳಗೆ ಮನೆಯ ಆಳುಗಳು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಈಸ್ಟ್ ಇಂಡಿಯಾ ಕಂಪನಿಯ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಜೀತದಾಳುಗಳ ಬಗ್ಗೆ ಬರೆದಿದ್ದಾನೆ. 1843ರ ಕಾನೂನು ಬಂದ ಮೇಲೆ ಗುಲಾಮಗಿರಿಗೆ ಕೋರ್ಟಿನ ಬಲ ಹೋಯಿತು. ಸಾಲದ ಹಗ್ಗ ಅಷ್ಟು ಬೇಗ ಬಿಡಲಿಲ್ಲ.

(ದೃಶ್ಯ: ಗುಡ್ಡದ ಬದಿ, ಸುರಂಗದ ಬಾಯಿ)

ಇದು ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಪಿಕ್ಕಾಸಿನಲ್ಲಿ ಕೊರೆದದ್ದು. ಒಳಗೆ ಜಿನುಗುವ ನೀರು ತಾನಾಗಿ ಹರಿದು ಬರುತ್ತದೆ. ಪಂಪ್ ಬೇಡ. ಬೇಸಿಗೆಯಲ್ಲಿ ತೋಟ ಉಳಿಯುವುದು ಇಂಥ ನೀರಿನಿಂದ. ಒಬ್ಬರು ಬಗ್ಗಿ ನಡೆಯುವಷ್ಟೇ ಜಾಗ, ಗಾಳಿಯೂ ಕಮ್ಮಿ. ಕೊರೆದವರ ಹೆಸರು ಯಾವ ಕಂಬದ ಮೇಲೂ ಇಲ್ಲ, ಅಲ್ವಾ?

(ದೃಶ್ಯ: ನಕ್ಷೆ)

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಹಾಗಾಗಿ ಇಲ್ಲಿಗೆ ಬಂದದ್ದು ಕೇರಳದ ಭೂಮಸೂದೆ. 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಒಕ್ಕಲುಗಳಿಗೆ ಗದ್ದೆಯ ಹಕ್ಕು ಬಂತು, ಪತ್ತಾಯ ಖಾಲಿಯಾಯಿತು.

ಇಲ್ಲೊಂದು ತಮಾಷೆ ಇದೆ. ಚಹಾ, ಕಾಫಿ, ರಬ್ಬರ್, ಏಲಕ್ಕಿ ತೋಟಗಳಿಗೆ ಕಾನೂನು ಭೂಮಿತಿಯಿಂದ, ಅಂದರೆ ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬೇಕೆಂಬ ಮಿತಿಯಿಂದ, ವಿನಾಯಿತಿ ಕೊಟ್ಟಿತು. ಅಡಿಕೆಗೆ ಕೊಡಲಿಲ್ಲ. ಎಸ್ಟೇಟ್ ಬಂಗಲೆಗಳ ಸುತ್ತಲಿನ ನೂರಾರು ಎಕರೆ ಹಾಗೇ ಉಳಿಯಿತು. ಅಡಿಕೆಯ ಮನೆಗಳು ಮಿತಿಯೊಳಗೆ ಬರಬೇಕಾಯಿತು.

ಮತ್ತೆ ಕೂಲಿಯಾಳುಗಳು? ಅವರು ಒಕ್ಕಲುಗಳಲ್ಲ, ಹಾಗಾಗಿ ದುಡಿದ ಮಣ್ಣು ಸಿಗಲಿಲ್ಲ. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಸಿಕ್ಕಿದ್ದು, ಪಂಚಾಯತ್ ಪ್ರದೇಶದಲ್ಲಾದರೆ, ಗುಡಿಸಲ ಸುತ್ತ 10 ಸೆಂಟ್‌ವರೆಗೆ ಕಮ್ಮಿ ಬೆಲೆಗೆ ಕೊಳ್ಳುವ ಹಕ್ಕು. ನೂರು ಸೆಂಟ್ ಅಂದರೆ ಒಂದು ಎಕರೆ. ಅದೂ ಸಣ್ಣದಲ್ಲ ಬಿಡಿ, ಏಳು ಅಂತ ಎಬ್ಬಿಸುವವರು ಇರಲಿಲ್ಲ. ಆದರೆ ತಲೆಮಾರುಗಳ ದುಡಿಮೆಗೆ 10 ಸೆಂಟ್!

ನೀವೂ ಇಂಥ ಮನೆ ನೋಡಲು ಹೋಗುವುದಾದರೆ ಮೊದಲೇ ಕೇಳಿಕೊಂಡು ಹೋಗಿ, ಅದು ಜನ ವಾಸ ಇರುವ ಮನೆ. ಮಳೆಗಾಲದಲ್ಲಿ ಬೇಡ, ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಮನೆಯ ಹಿರಿಯರ ಹತ್ತಿರ ಮಾತಾಡಿದ ಮೇಲೆ ತೋಡಿನಾಚೆಯ 10 ಸೆಂಟಿನ ಮನೆಗಳಿಗೂ ಹೋಗಿ. ಮುಂದಿನ ವಿಡಿಯೋದಲ್ಲಿ ನಾವು ಹೋಗುವುದು ಅಲ್ಲಿಗೇ.