‘ಸೇಮ್ ಎಂಜಿನ್ ಸಾರ್’ ಎಂಬ ಮಾತನ್ನು ನಂಬುವ ಮುನ್ನ

ನಮಸ್ಕಾರ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಓಮ್ನಿ ವ್ಯಾನಿನ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ, ವಾಲ್ವ್‌ಗಳಿರುವ ಭಾಗ) ಕೇಳಿದರೆ, ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: “ಏಯ್ಟ್ ಹಂಡ್ರೆಡ್‌ದು ಇದೆ, ಸೇಮ್ ಎಂಜಿನ್ ಸಾರ್, ಕಣ್ಣು ಮುಚ್ಕೊಂಡು ತಗೊಂಡ್ಹೋಗಿ.” ಏಯ್ಟ್ ಹಂಡ್ರೆಡ್ ಎಂದರೆ ಮಾರುತಿ 800 ಕಾರು. ಅಂಗಡಿಯವರ ಈ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ಅದನ್ನು ನಂಬಿ ಯಾರೂ ದುಡ್ಡು ಕಳೆದುಕೊಳ್ಳುತ್ತಿರಲಿಲ್ಲ.

ಹಳೆಯ ಬಿಡಿಭಾಗವನ್ನು ಕೊಳ್ಳಲೇಬಾರದು ಎನ್ನುವವರ ಪಕ್ಷ ನನ್ನದಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ಮುಂದೆ ಓಮ್ನಿ ಎನಿಸಿಕೊಂಡ ಗಾಡಿಯ ತಯಾರಿಕೆ 2019ರಲ್ಲಿ ನಿಂತಿದೆ. ಹಾಗಿದ್ದರೂ ತರಕಾರಿ ಸಾಗಿಸುವವರು, ಶಾಲೆಯ ಮಕ್ಕಳನ್ನು ಕರೆದೊಯ್ಯುವವರು, ಶಾಮಿಯಾನದವರು ಇಂದಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಗಾಡಿಯ ಬೆಲೆಯೇ ಇಳಿದುಹೋಗಿರುವಾಗ ಅದಕ್ಕೆ ಎಲ್ಲವನ್ನೂ ಹೊಸದಾಗಿಯೇ ಹಾಕಿಸಿ ಎಂದು ಹೇಳುವುದು ಸುಲಭ, ಭರಿಸುವುದು ಕಷ್ಟ. ನನ್ನ ವಾದ ಇಷ್ಟೇ: ಭಾಗ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಗಾಡಿಯ ಹೆಸರಿನಿಂದಾಗಲಿ ಸಿ.ಸಿ. (ಎಂಜಿನ್ನಿನ ಗಾತ್ರ) ಲೆಕ್ಕದಿಂದಾಗಲಿ ತೀರ್ಮಾನಿಸಬಾರದು, ಎಂಜಿನ್ನಿನ ಸಂಕೇತ ಹಾಗೂ ಅಳತೆಯಿಂದ ತೀರ್ಮಾನಿಸಬೇಕು, ಮತ್ತು ಆ ಕೆಲಸವನ್ನು ಕೊಳ್ಳುವವನೇ ಮಾಡಬೇಕು.

ಓಮ್ನಿಯನ್ನೇ ನೋಡೋಣ. ಅದರಲ್ಲಿರುವುದು 796 ಸಿ.ಸಿ.ಯ, ಮೂರು ಸಿಲಿಂಡರಿನ ಎಫ್8ಬಿ ಎಂಜಿನ್. ಮಾರುತಿ 800ರಲ್ಲಿಯೂ ಅದೇ ಎಂಜಿನ್ ಇತ್ತು. ಆದರೆ 800ರಲ್ಲಿ ಎಂಜಿನ್ ಬಾನೆಟ್ಟಿನ ಕೆಳಗೆ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸಿದರೆ, ಓಮ್ನಿಯಲ್ಲಿ ಅದು ಮುಂದಿನ ಸೀಟುಗಳ ಕೆಳಗೆ ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಆದ್ದರಿಂದ ಪಿಸ್ಟನ್, ರಿಂಗು, ವಾಲ್ವ್‌ಗಳ ವಿಷಯದಲ್ಲಿ ಅಂಗಡಿಯವರ ಮಾತಿಗೆ ಬೆಲೆಯಿದ್ದರೂ, ಆಯಿಲ್ ಸಂಪ್, ಮ್ಯಾನಿಫೋಲ್ಡ್, ಎಂಜಿನ್ನನ್ನು ಗಾಡಿಗೆ ಕೂರಿಸುವ ಫೌಂಡೇಶನ್ ಬ್ರಾಕೆಟ್, ಗೇರ್‌ಬಾಕ್ಸ್ ಸೇರುವ ಮುಖ ಇವುಗಳ ವಿಷಯದಲ್ಲಿ ಆ ಮಾತನ್ನು ನೆಚ್ಚಿಕೊಳ್ಳಲಾಗದು. ಆಲ್ಟೋದ ಎಫ್8ಡಿ ಎಂಜಿನ್ ಕೂಡ 796 ಸಿ.ಸಿ.ಯದೇ, ಬೋರ್ (ಸಿಲಿಂಡರಿನ ಒಳವ್ಯಾಸ) 68.5 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 72 ಮಿಲಿಮೀಟರ್ ಎಂಬ ಲೆಕ್ಕವೂ ಅದೇ. ಆದರೆ ಎಫ್8ಡಿಯಲ್ಲಿ 12 ವಾಲ್ವ್‌ಗಳಿವೆ, ಓಮ್ನಿಯ ಎಂಜಿನ್ನಿನಲ್ಲಿ 6. ಹೀಗಿರುವಾಗ 796 ಎಂಬ ಅಂಕಿಯೊಂದನ್ನು ಹಿಡಿದುಕೊಂಡು ಹೆಡ್ ಕೊಳ್ಳಲು ಹೊರಡುವುದರಲ್ಲಿ ಅರ್ಥವಿಲ್ಲ.

ಈಕೋ ಗಾಡಿಯ ಕಥೆ ಇನ್ನೂ ಗೋಜಲಿನದು. 2010ರಲ್ಲಿ ಬಂದ ಈಕೋದಲ್ಲಿದ್ದದ್ದು ಜಿ12ಬಿ ಎಂಜಿನ್, 1196 ಸಿ.ಸಿ. ಸ್ವಿಫ್ಟ್ ಮತ್ತು ರಿಟ್ಜ್ ಕಾರುಗಳಲ್ಲಿ ಬಂದ ಕೆ12ಎಂ ಎಂಜಿನ್ 1197 ಸಿ.ಸಿ. ಬಾಯಿಮಾತಿನಲ್ಲಿ ಎರಡೂ ‘ಒನ್ ಪಾಯಿಂಟ್ ಟು’. ಕಾಗದದ ಮೇಲೆ ಒಂದು ಸಿ.ಸಿ.ಯ ವ್ಯತ್ಯಾಸವಷ್ಟೇ ಕಾಣಿಸಿದರೂ, ಜಿ12ಬಿಯ ಬೋರ್ 71 ಮಿಲಿಮೀಟರ್, ಸ್ಟ್ರೋಕ್ 75.5, ಕೆ12ಎಂನ ಬೋರ್ 73, ಸ್ಟ್ರೋಕ್ 71.5. ಜಿ12ಬಿಯಲ್ಲಿ ಟೈಮಿಂಗ್ ಬೆಲ್ಟ್, ಕೆ12ಎಂನಲ್ಲಿ ಟೈಮಿಂಗ್ ಚೈನ್. ಅವು ಬೇರೆ ಬೇರೆ ವಂಶದ ಎಂಜಿನ್‌ಗಳು. ಇದು ಸಾಲದೆಂಬಂತೆ, 2022ರ ನವೆಂಬರಿನಿಂದ ಈಕೋಗೂ ಕೆ ಸರಣಿಯ 1197 ಸಿ.ಸಿ. ಎಂಜಿನ್ ಬಂದಿದೆ. ಅಂದ ಮೇಲೆ “ಈಕೋದೇ ಹೆಡ್ ಕೊಡಿ” ಎಂದು ಕೇಳುವುದೂ ಅಪೂರ್ಣ ಪ್ರಶ್ನೆಯೇ. ಯಾವ ವರ್ಷದ, ಯಾವ ಎಂಜಿನ್ನಿನ ಈಕೋ ಎಂಬುದನ್ನು ಆರ್.ಸಿ. ನೋಡಿಯೇ ಹೇಳಬೇಕಾಗುತ್ತದೆ.

ಅಂಗಡಿಗೆ ಹೋಗುವಾಗ ಬಿಚ್ಚಿದ ಹಳೆಯ ಭಾಗವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗುವುದು ನನ್ನ ಪದ್ಧತಿ. ಭಾರವೆಂದು ಕೆಲವರು ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಫೋಟೋದಲ್ಲಿ ಎರಡು ಮಿಲಿಮೀಟರ್ ಕಾಣಿಸುವುದಿಲ್ಲ. ಹೆಡ್ ಕೊಳ್ಳುವುದಾದರೆ ಇದಕ್ಕಿಂತ ಸುಲಭವಾದ ಉಪಾಯವೊಂದಿದೆ: ನಿಮ್ಮ ಎಂಜಿನ್ನಿಗೆಂದೇ ಕೊಂಡ ಹೊಸ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹಾಳೆ) ಜೊತೆಗಿರಲಿ, ಹೇಗೂ ಅದು ಬೇಕಾಗುತ್ತದೆ. ಹೆಡ್ಡನ್ನು ಮಗುಚಿ ಹಾಕಿ, ಮುಖವನ್ನು ಬಟ್ಟೆಯಿಂದ ಒರೆಸಿ, ಗ್ಯಾಸ್ಕೆಟ್ಟನ್ನು ಅದರ ಮೇಲೆ ಹಾಸಿ. ಬೋಲ್ಟಿನ ತೂತುಗಳು ಕೂಡಿಬಂದರೆ ಸಾಕೆಂದು ಹಿಗ್ಗಬೇಡಿ; ನೀರು ಹರಿಯುವ ಕಿಂಡಿಗಳು ಮತ್ತು ಆಯಿಲ್ ಮೇಲೇರುವ ಸಣ್ಣ ರಂಧ್ರ ಒಂದೊಂದಾಗಿ ಕೂಡಬೇಕು, ದಹನಕೋಣೆಯ ಅಂಚು ಗ್ಯಾಸ್ಕೆಟ್ಟಿನ ಉಂಗುರದ ಒಳಗೇ ನಿಲ್ಲಬೇಕು. ಆಯಿಲ್ ರಂಧ್ರ ಅರ್ಧ ಮುಚ್ಚಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಒಂದಿಷ್ಟು ದಿನ ಓಡುತ್ತದೆ, ಆಮೇಲೆ ಆಯಿಲ್ ಸಾಲದೆ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ತಿಂದುಹೋಗುತ್ತದೆ. ನಂತರ ಉಕ್ಕಿನ ನೇರಪಟ್ಟಿಯನ್ನು ಮುಖದ ಮೇಲೆ ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ 0.05 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಅದು ಸಲೀಸಾಗಿ ತೂರಿದರೆ ಹೆಡ್ ಬಾಗಿದೆ ಎಂದರ್ಥ, ಫೇಸಿಂಗ್ (ಮುಖ ಸಮತಟ್ಟು ಮಾಡಿಸುವ) ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಎರಡು ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಂಥ ಬಿರುಕು ಕಂಡರೆ ಚೌಕಾಶಿಗೆ ಇಳಿಯದೆ ಎದ್ದು ಬನ್ನಿ. ಗ್ಯಾಸಿನಲ್ಲಿ ಓಡಿದ ಗಾಡಿಯ ಹೆಡ್ ಆಗಿದ್ದರೆ ವಾಲ್ವ್ ಸೀಟು ಒಳಕ್ಕೆ ಕುಸಿದಿರುವ ಸಂಭವ ಹೆಚ್ಚು. ಅದನ್ನು ಮಾರುವವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಒಡಲು) ಮತ್ತು ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡ) ಮಾತು ಬಂದಾಗ ಸರಿಯಾದ ಮಾದರಿ ಸಿಕ್ಕರಷ್ಟೇ ಸಾಲದು. ಹಿಂದಿನ ಮಾಲೀಕರು ಸಿಲಿಂಡರನ್ನು ಕೊರೆಸಿ ಅಗಲಿಸಿ (ಬೋರ್ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದರೆ ಪಿಸ್ಟನ್ನಿನ ತಲೆಯ ಮೇಲೆ 0.25 ಅಥವಾ 0.50 ಎಂಬ ಗುರುತು ಸಾಮಾನ್ಯವಾಗಿ ಇರುತ್ತದೆ. ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದ್ದರೆ ಬೇರಿಂಗ್ ಶೆಲ್ಲಿನ ಬೆನ್ನಿನ ಮೇಲೆ ಅದೇ ಬಗೆಯ ಗುರುತು ಕಾಣುತ್ತದೆ. ಇನ್ನು ಬೋರ್ ಮಾಡಿಸಲಾಗದ ಕೊನೆಯ ಸೈಜಿಗೆ ಬಂದುಬಿಟ್ಟಿರುವ ಬ್ಲಾಕನ್ನು ಅಗ್ಗವೆಂದು ಕೊಳ್ಳುವುದಕ್ಕಿಂತ, ಸ್ಟ್ಯಾಂಡರ್ಡ್ ಅಳತೆಯಲ್ಲೇ ಇರುವ ಹಾಫ್ ಎಂಜಿನ್ನಿಗೆ (ಹೆಡ್ ಇಲ್ಲದ ಎಂಜಿನ್) ಹೆಚ್ಚು ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಟೈಮಿಂಗ್ ಬೆಲ್ಟ್, ಗ್ಯಾಸ್ಕೆಟ್, ಆಯಿಲ್ ಸೀಲುಗಳನ್ನು ಮಾತ್ರ ಹಳೆಯವು ಯಾರು ಬಿಟ್ಟಿ ಕೊಟ್ಟರೂ ಬೇಡ. ಇಮ್ಮೊಬಿಲೈಸರ್ (ಬೇರೆ ಕೀಲಿಯಿಂದ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಬರಿಯ ಇ.ಸಿ.ಎಂ. (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಂದರೆ, ಕೀಲಿ ಅದರೊಂದಿಗೆ ಹೊಂದದೆ ಗಾಡಿ ಸ್ಟಾರ್ಟ್ ಆಗದಿರಬಹುದು.

ಇನ್ನು ಕಾಗದಪತ್ರ. ಎಂಜಿನ್ ನಂಬರ್ ಕೊರೆದಿರುವ ಜಾಗವನ್ನು ಸೀಮೆಎಣ್ಣೆಯಿಂದ ತೊಳೆದು ಓದಿ. ಅಂಕಿಗಳ ಸುತ್ತ ಗ್ರೈಂಡರಿನ ಗೀರುಗಳಿದ್ದರೆ ಆ ಬ್ಲಾಕ್ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬಾರದು, ಏಕೆಂದರೆ ಅದು ಕದ್ದ ಗಾಡಿಯದಾಗಿದ್ದರೆ ಪೊಲೀಸರು ಮೊದಲು ವಿಚಾರಿಸುವುದು ನಿಮ್ಮನ್ನು. ಎಂಜಿನ್ನನ್ನೇ ಬದಲಾಯಿಸಿದವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ 14 ದಿನಗಳೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಿ, ಆರ್.ಸಿ.ಯಲ್ಲಿ ಹೊಸ ನಂಬರನ್ನು ದಾಖಲಿಸಿಕೊಳ್ಳಬೇಕು. ಆದ್ದರಿಂದ ಆ ನಂಬರನ್ನು ಬರೆದ ಬಿಲ್ಲನ್ನು ಅಂಗಡಿಯಲ್ಲೇ ಪಡೆಯಿರಿ. ಭಾಗ ಹೊಂದದಿದ್ದರೆ ಎಷ್ಟು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಆ ಬಿಲ್ಲಿನ ಮೇಲೆಯೇ ಬರೆಸಿಕೊಂಡು, ಭಾಗದ ಮೇಲೆ ಅವರೆದುರಿಗೇ ಬಣ್ಣದ ಗುರುತು ಹಾಕಿಸಿ. ಇಷ್ಟಕ್ಕೂ ಒಪ್ಪದ ಅಂಗಡಿಯಾದರೆ, ಅದೇ ಬೀದಿಯಲ್ಲಿ ಮುಂದಿನ ಅಂಗಡಿಗೆ ಹೋಗಿ.