ಟ್ಯಾಂಕಿ ತುಂಬಿದೆ, ನಲ್ಲಿಯಲ್ಲಿ ನೀರಿಲ್ಲ

ಕೇಳುಗರೇ, ನಮಸ್ಕಾರ.

ಮುಂಬೈ ಕಡೆ ಡೊಂಬಿವ್ಲಿಯಲ್ಲೋ ಮುಲುಂಡ್‌ನಲ್ಲೋ ಮೇಲಿನ ಮಾಳಿಗೆಯಲ್ಲಿ ಇರುವವರಿಗೆ ಇದು ಗೊತ್ತಿರುತ್ತದೆ. ಬಿಲ್ಡಿಂಗಿನ ಕೆಳಗಿನ ಟ್ಯಾಂಕಿ ತುಂಬಿರುತ್ತದೆ. ಪಂಪು ಕೆಟ್ಟರೆ ಮಾತ್ರ ಮೇಲಿನ ನಲ್ಲಿಯಲ್ಲಿ ಹನಿ ನೀರಿಲ್ಲ. ಕೆಲವು ಮಕ್ಕಳ ಮಿದುಳಿಗೆ ಹುಟ್ಟಿನಿಂದಲೇ ಇಂಥ ತೊಂದರೆ ಇರುತ್ತದೆ.

ದೊಡ್ಡವರ ಮಿದುಳು ಮೈತೂಕದ ನೂರಕ್ಕೆ 2 ಪಾಲು. ಸುಮ್ನೆ ಕೂತಿದ್ದರೂ ಮೈಯ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಮಕ್ಕಳಲ್ಲಿ ಇನ್ನೂ ಜಾಸ್ತಿ. ರಕ್ತದಿಂದ ಗ್ಲೂಕೋಸ್ ಬರುತ್ತಲೇ ಇರಬೇಕು.

ಅದನ್ನು ಮಿದುಳಿಗೆ ದಾಟಿಸುವ ಪ್ರೋಟೀನಿನ ಹೆಸರು ಗ್ಲುಟ್-1. ಅದರ ಜೀನ್ ಕೆಟ್ಟಿದ್ದರೆ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇರುತ್ತದೆ, ಮಿದುಳು ಮಾತ್ರ ಹಸಿದಿರುತ್ತದೆ. 1991ರಲ್ಲಿ ಅಮೆರಿಕದ ಮಕ್ಕಳ ನರರೋಗ ತಜ್ಞ ಡಾರಿಲ್ ಡಿ ವಿವೋ ಮತ್ತು ಸಂಗಡಿಗರು ಇದನ್ನು ಮೊದಲು ವಿವರಿಸಿದರು. ಮಗುವಿಗೆ ಫಿಟ್ಸ್ ಬರಬಹುದು, ನಡಿಗೆ ತಡವರಿಸಬಹುದು, ಕಲಿಕೆ ನಿಧಾನವಾಗಬಹುದು. ಎಷ್ಟೋ ಮಕ್ಕಳು ತಿಂಡಿಗೆ ಮೊದಲು ಮಂಕಾಗಿರುತ್ತಾರೆ, ತಿಂದ ಮೇಲೆ ಚೇತರಿಸಿಕೊಳ್ಳುತ್ತಾರೆ. ಇದು ಮೊದಲು ಕಣ್ಣಿಗೆ ಬೀಳುವುದು ಅಮ್ಮನಿಗೇ ಅಲ್ವಾ? ದಯವಿಟ್ಟು ಆಕೆಯ ಮಾತು ಕೇಳಿ. ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ಪರೀಕ್ಷಿಸಿದರೆ ಅದರಲ್ಲಿ ಸಕ್ಕರೆ ಕಡಿಮೆಯಿರುವುದು ಗೊತ್ತಾಗುತ್ತದೆ.

ಇದಕ್ಕೆ ಊಟವೇ ಔಷಧಿ. ಅನ್ನ, ಚಪಾತಿ, ಸಕ್ಕರೆ ತೀರಾ ಕಡಿಮೆ ಮಾಡಿ, ತುಪ್ಪ, ಎಣ್ಣೆ, ಬೆಣ್ಣೆ ಹೆಚ್ಚಿಸುತ್ತಾರೆ. ಆ ಕೊಬ್ಬಿನಿಂದ ಲಿವರ್ ಮಾಡುವ ಕೀಟೋನ್‌ಗಳು ಬೇರೆ ಪೈಪಿನಿಂದ ಮಿದುಳು ಸೇರಿ ಗ್ಲೂಕೋಸಿನ ಬದಲು ಶಕ್ತಿ ಕೊಡುತ್ತವೆ. ಎಷ್ಟೋ ಮಕ್ಕಳ ಫಿಟ್ಸ್ ಹತೋಟಿಗೆ ಬರುತ್ತದೆ.

ಆದರೆ ಮೊಬೈಲಿನಲ್ಲಿ ನೋಡಿ ಈ ಪಥ್ಯ ಶುರು ಮಾಡಬೇಡಿ. ಎಂಕ್ಯಾಡ್ ಎಂಬ ಇನ್ನೊಂದು ದೋಷವಿದೆ. ಆ ಮಗುವಿನ ಮೈಗೆ ಕೊಬ್ಬನ್ನು ಸರಿಯಾಗಿ ಉರಿಸಲು ಬರುವುದಿಲ್ಲ. ನೋಡಲು ಚೆನ್ನಾಗಿಯೇ ಇರುತ್ತದೆ. ಜ್ವರವೋ ವಾಂತಿಯೋ ಬಂದು ಒಂದು ರಾತ್ರಿ ಏನೂ ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ, ಕೀಟೋನೂ ಸಾಲುವುದಿಲ್ಲ. ಬೆಳಗ್ಗೆ ಎಬ್ಬಿಸಿದರೆ ಮಗು ಏಳದೇ ಇರಬಹುದು. ಒಂದು ಮಗುವಿಗೆ ಔಷಧಿಯಾದ ತುಪ್ಪದ ಪಥ್ಯ ಇದಕ್ಕೆ ಅಪಾಯ. ಹೆಚ್ಚು ಹೊತ್ತು ಹಸಿದಿರಬಾರದು, ಕಾಯಿಲೆ ಬಿದ್ದಾಗ ತಕ್ಷಣ ಗ್ಲೂಕೋಸ್ ಸಿಗಬೇಕು. ಇಷ್ಟು ನೋಡಿಕೊಂಡರೆ ಆ ಮಗು ಎಲ್ಲರಂತೆ ಬೆಳೆಯಬಲ್ಲದು.

ಎಂಕ್ಯಾಡ್‌ನಂಥ ದೋಷದ ಜೀನ್ ಅಪ್ಪ ಅಮ್ಮ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟು. ಸೋದರಮಾವನಿಗೋ ಅತ್ತೆ ಮಗನಿಗೋ ಕೊಡುವ ನಮ್ಮ ರೂಢಿಯಲ್ಲಿ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚುತ್ತದೆ. ಬಸುರಿಯಲ್ಲಿ ಏನೋ ತಿಂದಳು ಎಂದು ಸೊಸೆಯನ್ನು ದೂರಬೇಡಿ. ಅದು ಸುಳ್ಳು, ಅನ್ಯಾಯ ಕೂಡ.

ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಎಂಕ್ಯಾಡ್ ಗೊತ್ತಾಗುತ್ತದೆ. ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ಕೇಳಿಡಿ. ಗ್ಲುಟ್-1 ಮಾತ್ರ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಮಗು ಮಂಕಾದಾಗ ಗಡಿಯಾರ ನೋಡಿ, ಕೊನೆಯ ಊಟ ಎಷ್ಟು ಹೊತ್ತಿಗಾಗಿತ್ತು ಎಂದು ಬರೆದಿಡಿ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಪರೇಲಿನ ಕೆಇಎಂ ಆಸ್ಪತ್ರೆ ಅಪರೂಪದ ಕಾಯಿಲೆಗಳಿಗೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಒಂದು.

ನಮಸ್ಕಾರ.