ಕುರ್ಚಿ ಕೇಳಿದವರಿಗೆ ಸಿಕ್ಕ ವರ್ಗಾವಣೆ

ಮಾನ್ಯ ಅಧ್ಯಕ್ಷರೇ, ವಾರಕ್ಕೊಮ್ಮೆ ಸಿಗುವ ಒಂದೇ ರಜೆಯನ್ನು ಮನೆಗೂ ಮಕ್ಕಳಿಗೂ ಕೊಡದೆ ಇಲ್ಲಿಗೆ ಬಂದಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಜವಳಿ ಅಂಗಡಿಯ ಕೆಲಸ ಎಂಥದೆಂದು ಮಂಗಳೂರಿನ ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದಲ್ಲಿಂದ ರಾತ್ರಿ ಕೊನೆಯ ಸೀರೆಯನ್ನು ಮಡಚಿ ಕಪಾಟು ಸೇರಿಸುವವರೆಗೆ ನಿಂತೇ ಇರುವುದೆಂದರೆ ಏನು ಎಂಬುದು ನಿಮ್ಮ ಹಿಮ್ಮಡಿಗಳಿಗೆ ಗೊತ್ತಿದೆ. ನಾನೂ ಕಾಲೇಜಿನ ದಿನಗಳಲ್ಲಿ ಎರಡು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ಪ್ಯಾಂಟ್ ಪೀಸು ಬಿಚ್ಚಿ ತೋರಿಸುತ್ತಾ ನಿಂತವನು. ಅಲ್ಲಿ ನಮ್ಮ ವಿಭಾಗಕ್ಕೆ ಒಂದು ಸ್ಟೂಲು ಇತ್ತು. ಅದು ಮೇಲಿನ ಅಟ್ಟದಿಂದ ಥಾನು ಇಳಿಸುವಾಗ ಹತ್ತಿ ನಿಲ್ಲುವುದಕ್ಕೆ ಮಾತ್ರ. ಒಂದು ಮಧ್ಯಾಹ್ನ, ಗಿರಾಕಿಗಳೇ ಇಲ್ಲದ ಹೊತ್ತಿನಲ್ಲಿ, ನನ್ನ ಜೊತೆಗಾರನೊಬ್ಬ ಅದರ ಮೇಲೆ ಕುಳಿತ. ಮರುದಿನ ಸ್ಟೂಲು ಗೋದಾಮಿಗೆ ಹೋಯಿತು, ಮುಂದಿನ ವಾರ ಅವನೂ ಗೋದಾಮಿಗೆ ಹೋದ. ಯಾರೂ ಅವನನ್ನು ಬೈಯಲಿಲ್ಲ. ನಾನು ಇಂದು ಹೇಳಬೇಕೆಂದು ಬಂದಿರುವುದು ಅದನ್ನೇ: ಕೇಳುವುದಕ್ಕೆ ಹೊರಟ ಅಂಗಡಿ ನೌಕರರಿಗೆ ಮಾಲೀಕರು ಬಾಯಿಬಿಟ್ಟು ‘ಆಗದು’ ಎನ್ನುವುದು ಅಪರೂಪ, ಅವರ ಉತ್ತರ ಆದೇಶವಾಗಿ ಬರುತ್ತದೆ.

ಇದಕ್ಕೆ ಬಹಳ ದೂರದ ಉದಾಹರಣೆ ಬೇಕಿಲ್ಲ. ಇಲ್ಲಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾದ ಕಲ್ಲಿಕೋಟೆಯಲ್ಲಿ ಮಿಠಾಯಿ ತೆರುವು ಎಂಬ ಹಳೆಯ ವ್ಯಾಪಾರದ ಬೀದಿಯಿದೆ. ಅಲ್ಲಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ನೂರಾರು ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಹತ್ತಿರದ ಹೋಟೆಲಿಗೆ ಹೋಗಿ ಒಂದು ಚಹಾ ಕೊಂಡು, ಆ ನೆಪದಲ್ಲಿ ಅಲ್ಲಿನ ಶೌಚಾಲಯ ಬಳಸಬೇಕು. ಇಲ್ಲವೇ ದಿನವಿಡೀ ನೀರು ಕುಡಿಯದೆ ಇರಬೇಕು. ಅದೇ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು 2009ರಲ್ಲಿ ಈ ಹೆಂಗಸರನ್ನು ಕೂಡಿಸಿ ‘ಪೆಣ್‌ಕೂಟ್ಟು’ ಎಂಬ ಕೂಟ ಕಟ್ಟಿದರು. ಹೆಂಗಸರ ಜೊತೆಗಾರಿಕೆ ಎಂದು ಆ ಹೆಸರಿನ ಅರ್ಥ. ತುಳು, ಕನ್ನಡ ಬಲ್ಲ ನಮಗೆ ಅನುವಾದವೇ ಬೇಡ. ಅವರ ಮೊದಲ ಬೇಡಿಕೆ ಸಂಬಳವಲ್ಲ, ಮೂತ್ರಾಲಯ. ಇಲ್ಲೊಂದು ಕಹಿ ಮಾತನ್ನು ಹೇಳಲೇಬೇಕು, ನಮ್ಮ ಚಳವಳಿಯ ಹಿರಿಯರು ಬೇಸರಿಸಬಾರದು: ಗಂಡಸರೇ ತುಂಬಿದ್ದ ದೊಡ್ಡ ಕಾರ್ಮಿಕ ಸಂಘಟನೆಗಳಿಗೆ ಈ ಬೇಡಿಕೆ ಬೇಡಿಕೆಯಾಗಿಯೇ ಕಾಣಲಿಲ್ಲ. ಆದ್ದರಿಂದಲೇ ಆ ಹೆಂಗಸರು ಅಸಂಘಟಿತ ವಲಯದ ತಮ್ಮದೇ ಕಾರ್ಮಿಕ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು.

ಮೂತ್ರಾಲಯದ ಹೋರಾಟ ಮುಂದೆ ಕುಳಿತುಕೊಳ್ಳುವ ಹೋರಾಟವಾಯಿತು. ಮಲಯಾಳದಲ್ಲಿ ‘ಇರಿಕ್ಕಲ್ ಸಮರಂ’. ಅದರ ಕಥೆ ತ್ರಿಶೂರಿನದು. ಅಲ್ಲಿನ ಒಂದು ದೊಡ್ಡ ಜವಳಿ ಮಳಿಗೆಯಲ್ಲಿದ್ದ ಆರು ಮಂದಿ ಮಹಿಳೆಯರು ಸಂಘಕ್ಕೆ ಸೇರಿದರು. ಉತ್ತರವಾಗಿ ಬಂದದ್ದು ದೂರದ ಊರುಗಳ ಶಾಖೆಗಳಿಗೆ ವರ್ಗಾವಣೆಯ ಆದೇಶ. ಕಾಗದದ ಮೇಲೆ ನೋಡಿದರೆ ಅದರಲ್ಲಿ ತಪ್ಪೇನಿದೆ? ಕೆಲಸ ಹೋಗಿಲ್ಲ, ಸಂಬಳ ಕಡಿತವಾಗಿಲ್ಲ. ಆದರೆ ಕೆಲವೇ ಸಾವಿರ ರೂಪಾಯಿಯ ಸಂಬಳಕ್ಕೆ ದುಡಿಯುತ್ತ, ರಾತ್ರಿ ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೆಂಗಸಿಗೆ ದೂರದ ಊರಿನ ಶಾಖೆಯೆಂದರೆ ರಾಜೀನಾಮೆಯ ಇನ್ನೊಂದು ಹೆಸರು. ಅದನ್ನು ಬರೆದವರಿಗೂ ಅದು ಗೊತ್ತು, ಓದಿಕೊಂಡವರಿಗೂ ಗೊತ್ತು. ಆ ಆರು ಮಂದಿ ರಾಜೀನಾಮೆ ಬರೆಯಲಿಲ್ಲ. 2014ರ ಡಿಸೆಂಬರ್ ಕೊನೆಯಲ್ಲಿ ಅದೇ ಮಳಿಗೆಯ ಎದುರು ಧರಣಿ ಕುಳಿತರು. ಒಳಗೆ ಕೂರಲು ಬಿಡದಿದ್ದವರು ಹೊರಗೆ ನೂರಕ್ಕೂ ಹೆಚ್ಚು ದಿನ ಕುಳಿತೇ ಇದ್ದರು. ಈ ಮಾತನ್ನು ಹೇಳುವಾಗಲೆಲ್ಲ ನನಗೆ ಒಂದು ಬಗೆಯ ಸಂತೋಷವಾಗುತ್ತದೆ, ಕ್ಷಮಿಸಬೇಕು, ನಾನು ಇದನ್ನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ.

ಅದಾಗಿ ಸುಮಾರು ನಾಲ್ಕು ವರ್ಷಗಳ ನಂತರ, 2018ರಲ್ಲಿ, ಕೇರಳ ಸರ್ಕಾರ ತನ್ನ 1960ರ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು, ನೌಕರರಿಗೆ ಆಸನದ ವ್ಯವಸ್ಥೆ ಮಾಡುವುದು ಮಾಲೀಕನ ಕರ್ತವ್ಯವೆಂದು ಬರೆಯಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಕಾರ್ಖಾನೆಯ ಕಾರ್ಮಿಕನಿಗೆ 1948ರ ಕಾಯ್ದೆಯಲ್ಲೇ ದೊರೆತಿದ್ದ ಸೌಲಭ್ಯ ಕೇರಳದ ಅಂಗಡಿಯ ಹುಡುಗಿಯನ್ನು ಮುಟ್ಟಲು 70 ವರ್ಷ ಹಿಡಿಯಿತು. ಕಾಸರಗೋಡಿನಲ್ಲಿ, ಕುಂಬಳೆಯಲ್ಲಿ, ಉಪ್ಪಳದಲ್ಲಿ ಕನ್ನಡ ಮಾತನಾಡುತ್ತಾ ಸೀರೆ ಮಾರುವ ನಮ್ಮ ಹೆಣ್ಣುಮಕ್ಕಳಿಗೂ ಆ ಕುರ್ಚಿ ಬಂದದ್ದು ಕಲ್ಲಿಕೋಟೆ, ತ್ರಿಶೂರುಗಳ ಆ ಹೆಂಗಸರಿಂದ.

ಮಾಲೀಕರು ಸಂಘದ ಮಾತು ಬಂದಾಗ ಹೇಳುವ ಇನ್ನೊಂದು ಮಾತು ನಿಮಗೆಲ್ಲ ಬಾಯಿಪಾಠವಿದೆ: ‘ನಾವೆಲ್ಲ ಒಂದೇ ಮನೆಯವರಲ್ಲವೇ, ನಡುವೆ ಹೊರಗಿನವರು ಏಕೆ?’ ಈ ಮಾತಿನಲ್ಲಿ ಪ್ರೀತಿ ಇರುವುದೇ ಇಲ್ಲ ಎಂದು ನಾನು ಹೇಳಲಾರೆ. ಮಗಳ ಮದುವೆಗೆ ಮುಂಗಡ ಕೊಟ್ಟ ಧಣಿಗಳನ್ನೂ ಆಸ್ಪತ್ರೆಯ ಬಿಲ್ಲು ಕಟ್ಟಿದವರನ್ನೂ ಕಂಡಿದ್ದೇನೆ. ಆದರೆ ಮನೆಯಲ್ಲಿ ದೊಡ್ಡಮ್ಮ ಬಂದರೆ ಮೊದಲು ಮಣೆ ಹಾಕುತ್ತೇವೆ, ಆಮೇಲೆ ನೀರು ಬೆಲ್ಲ ಕೊಡುತ್ತೇವೆ. ಐವತ್ತು ದಾಟಿದ ಅಕ್ಕನೊಬ್ಬಳು ಹನ್ನೊಂದು ಗಂಟೆ ನಿಂತೇ ಇರುವ ಜಾಗವನ್ನು ಮನೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಈ ಬಗೆಯ ಉತ್ತರ ನಮ್ಮ ದೇಶಕ್ಕೆ ಮಾತ್ರ ಸೇರಿದ್ದೂ ಅಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಜ್ಯಾಕ್ಸನ್‌ವಿಲ್ ಎಂಬ ಊರಿನ ವಾಲ್‌ಮಾರ್ಟ್ ಮಳಿಗೆಯಲ್ಲಿ ಮಾಂಸ ಕತ್ತರಿಸುವ ವಿಭಾಗದವರು 2000ನೇ ಇಸವಿಯ ಫೆಬ್ರವರಿಯಲ್ಲಿ 7–3 ಮತಗಳಿಂದ ಸಂಘಕ್ಕೆ ಒಪ್ಪಿಗೆ ಕೊಟ್ಟರು. ಎರಡೇ ವಾರಗಳಲ್ಲಿ ಕಂಪನಿಯು ಆ ಮಳಿಗೆಯೂ ಸೇರಿದಂತೆ 180 ಮಳಿಗೆಗಳಲ್ಲಿ ಮಾಂಸ ಕತ್ತರಿಸುವ ಕೆಲಸವನ್ನೇ ಕೈಬಿಟ್ಟು, ಮೊದಲೇ ಕತ್ತರಿಸಿ ಕಟ್ಟಿದ ಮಾಂಸ ಮಾರುವುದಾಗಿ ಪ್ರಕಟಿಸಿತು. ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾಂಕಿಯೇರ್‌ನಲ್ಲಿ 2004ರಲ್ಲಿ ಅದೇ ಕಂಪನಿಯ ನೌಕರರ ಸಂಘಕ್ಕೆ ಮಾನ್ಯತೆ ದೊರೆಯಿತು. 2005ರ ಏಪ್ರಿಲ್‌ನಲ್ಲಿ ಮಳಿಗೆಯೇ ಮುಚ್ಚಿತು, ಸುಮಾರು 190 ಜನ ಬೀದಿಗೆ ಬಿದ್ದರು. ಅಲ್ಲಿನ ಸುಪ್ರೀಂ ಕೋರ್ಟು ನೌಕರರ ಪರವಾಗಿ ತೀರ್ಪು ಕೊಟ್ಟದ್ದು 2014ರಲ್ಲಿ. ಒಂಬತ್ತು ವರ್ಷ! ಅಲ್ಲೂ ಬಂದ ಉತ್ತರ ‘ಆಗದು’ ಎಂಬ ಮಾತಲ್ಲ, ಆಡಳಿತದ ಒಂದು ತೀರ್ಮಾನ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಾನೂನಿನ ಇತಿಹಾಸಕ್ಕೆಂದು ಬರೆದು ತಂದ ಪುಟಗಳನ್ನು ಬಿಟ್ಟು ಒಂದೇ ಸಂಗತಿ ಹೇಳುತ್ತೇನೆ. 1918ರಲ್ಲಿ ಬಿ.ಪಿ. ವಾಡಿಯಾ ಮದ್ರಾಸಿನ ಗಿರಣಿ ಕಾರ್ಮಿಕರ ಸಂಘ ಕಟ್ಟಿದಾಗ, ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಒಡೆಯರಾದ ಬಿನ್ನಿ ಕಂಪನಿ, ಬೆಂಗಳೂರಿನವರಿಗೆ ಪರಿಚಿತವಾದ ಅದೇ ಬಿನ್ನಿ, 1920ರಲ್ಲಿ ಹೈಕೋರ್ಟಿಗೆ ಹೋಗಿ ವಾಡಿಯಾ ವಿರುದ್ಧ ತಡೆಯಾಜ್ಞೆ ತಂದಿತು. ಸಂಘ ಕಟ್ಟಿದ್ದಕ್ಕೆ ನಷ್ಟಪರಿಹಾರದ ದಾವೆ! ಆ ಗಾಬರಿಯಿಂದಲೇ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ವಿಷಯವೆತ್ತಿದರು; 1926ರ ಕಾರ್ಮಿಕ ಸಂಘಗಳ ಕಾಯ್ದೆ ಹುಟ್ಟಿತು. ಏಳು ಜನ ಸೇರಿ ನೋಂದಣಿಗೆ ಅರ್ಜಿ ಹಾಕಬಹುದೆಂಬ ನಿಯಮ ಅಲ್ಲಿಂದ ಬಂದದ್ದು, ಆ ಕಾಯ್ದೆಯ ಜಾಗಕ್ಕೆ ಬಂದಿರುವ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಹತ್ತರಲ್ಲೊಂದು ಪಾಲು ಅಥವಾ ನೂರು ನೌಕರರ ಸದಸ್ಯತ್ವ ಬೇಕೆಂಬ ಷರತ್ತನ್ನು ಚೀಟಿಯಲ್ಲಿ ಬರೆದು ಹಂಚಿದ್ದೇವೆ.

ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯ ಬಗ್ಗೆ ಎರಡೇ ಮಾತು. ದಿನಕ್ಕೆ 9, ವಾರಕ್ಕೆ 48 ಗಂಟೆ ಎಂಬ ಮಿತಿ ಅದರಲ್ಲಿದೆ. ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡದೆ, ತೆಗೆಯುವಂತಿಲ್ಲ. ಆದರೆ ಆರು ತಿಂಗಳು ದುಡಿದದ್ದಕ್ಕೆ ನಿಮ್ಮ ಕೈಯಲ್ಲಿ ಕಾಗದವಿರಬೇಕು. ಚಹಾದ ನಂತರ ಹಿಂದಿನ ಕೋಣೆಯಲ್ಲಿ ನಾನಿರುತ್ತೇನೆ. ನೇಮಕಾತಿ ಪತ್ರ ಇರುವವರು ಅದನ್ನೂ, ಇಲ್ಲದವರು ಸಂಬಳದ ಚೀಟಿಯನ್ನೋ ಪಾಸ್‌ಬುಕ್ಕನ್ನೋ ತಂದು ತೋರಿಸಿ. ಯಾರಿಗಾದರೂ ಈಗಾಗಲೇ ವರ್ಗಾವಣೆಯ ಆದೇಶ ಬಂದಿದ್ದರೆ ಮೊದಲು ಅವರು ಬನ್ನಿ.